ಸ್ಥಳೀಯ ಆಡಳಿತದಲ್ಲಿ ಡಿಜಿಟಲ್ ಕಚೇರಿ: ಉತ್ತರ ಕನ್ನಡ ಕರಾವಳಿಯ ನೋಟ

ಗ್ರಾಮ ಪಂಚಾಯತಿ, ಪುರಸಭೆ, ನಾಡಕಚೇರಿ, ತಹಸೀಲ್ದಾರ್ ಕಚೇರಿಗಳಂಥ ಜನರಿಗೆ ಹತ್ತಿರದ ಕಚೇರಿಗಳಲ್ಲಿ ದಾಖಲೆ ಇಡುವುದು, ಅರ್ಜಿ ಪಡೆಯುವುದು, ಲೆಕ್ಕ ಬರೆಯುವುದು, ಕಡತದ ಮೇಲೆ ತೀರ್ಮಾನ ಮಾಡುವುದು ಮುಂತಾದ ಕೆಲಸಗಳನ್ನು ಕಾಗದದಿಂದ ಗಣಕಯಂತ್ರಕ್ಕೆ ತರುವ ಏರ್ಪಾಡಿಗೆ ಡಿಜಿಟಲ್ ಕಚೇರಿ ವ್ಯವಸ್ಥೆ ಎಂದು ಹೆಸರು. ಕರ್ನಾಟಕದಲ್ಲಿ ಇದು ಒಂದೇ ಸಲಕ್ಕೆ ಆದದ್ದಲ್ಲ. 2000ದ ಸುಮಾರಿಗೆ ಪಹಣಿ, 2006ರಿಂದೀಚೆಗೆ ಜಾತಿ-ಆದಾಯ ಪ್ರಮಾಣಪತ್ರ, 2010ರ ಆಸುಪಾಸಿನಲ್ಲಿ ಪಂಚಾಯತಿಯ ಲೆಕ್ಕ, 2013ರಲ್ಲಿ ಹಳ್ಳಿಯ ಆಸ್ತಿ ವಹಿ ಗಣಕಕ್ಕೆ ಬಂದವು. ಕಚೇರಿಯ ಕಡತ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಂದರೆ ಜನರ ಕೈಗೆ ಸಿಗುವ ಪ್ರತಿ ಬೇಗ ಬದಲಾಯಿತು. ಆ ಪ್ರತಿಯಲ್ಲಿ ಏನಿರಬೇಕೆಂದು ತೀರ್ಮಾನಿಸುವ ಕೆಲಸ ತಡವಾಗಿ ಬದಲಾಯಿತು. ಇವತ್ತಿನ ಅನುಕೂಲಗಳೂ ಅಡಚಣೆಗಳೂ ಬಹುಮಟ್ಟಿಗೆ ಈ ಹಿಂದುಮುಂದಿನಿಂದ ಹುಟ್ಟಿದವು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ನಿಂತು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಆಡಳಿತದ ದಾರಿ

ಕರ್ಕಿ ಹೊನ್ನಾವರ ಪಟ್ಟಣದ ಉತ್ತರಕ್ಕೆ, ಕುಮಟಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಕೊಂಡಿರುವ ಊರು. ಯಕ್ಷಗಾನ ಪರಂಪರೆಗೂ ದೈವಜ್ಞ ಮಠಕ್ಕೂ ಹೆಸರಾದ ಈ ಊರಿನ ನಿವಾಸಿಗೆ ಮನೆ ತೆರಿಗೆ, ನಳದ ನೀರು, ಬೀದಿದೀಪದ ಕೆಲಸಕ್ಕೆ ಗ್ರಾಮ ಪಂಚಾಯತಿ ಊರಿನಲ್ಲೇ ಇದೆ. ಜಮೀನಿನ ಕೆಲಸಕ್ಕೆ ಹೊನ್ನಾವರದ ತಹಸೀಲ್ದಾರರ ಬಳಿ ಹೋಗಬೇಕು. ಹಕ್ಕು ಬದಲಾವಣೆಯ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸುಮಾರು 40 ಕಿ.ಮೀ. ದಕ್ಷಿಣದ ಭಟ್ಕಳದಲ್ಲಿರುವ ಉಪವಿಭಾಗಾಧಿಕಾರಿಗೆ. ಕೃಷಿ ಜಮೀನನ್ನು ಮನೆ ನಿವೇಶನವಾಗಿ ಪರಿವರ್ತಿಸಬೇಕಾದರೆ ತೀರ್ಮಾನ ಸುಮಾರು 90 ಕಿ.ಮೀ. ಉತ್ತರದ ಕಾರವಾರದಲ್ಲಿ, ಜಿಲ್ಲಾಧಿಕಾರಿಯದು. ಪಂಚಾಯತಿಯ ಮೇಲಿನ ಜಿಲ್ಲಾ ಪಂಚಾಯತಿಯ ಕಚೇರಿಯೂ ಕಾರವಾರದಲ್ಲೇ. ಕಾಗದದ ಕಾಲದಲ್ಲಿ ಕಡತ ಈ ದಾರಿಯನ್ನು ಟಪ್ಪಾಲಿನಲ್ಲಿ ಸವೆಸುತ್ತಿತ್ತು. ಅರ್ಜಿದಾರ ಬಸ್ಸಿನಲ್ಲಿ ಅದರ ಬೆನ್ನು ಹತ್ತುತ್ತಿದ್ದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿದಾಗ ಕುಮಟಾದಿಂದ ದಕ್ಷಿಣದವರಿಗೆ ಜಿಲ್ಲಾ ಕೇಂದ್ರದ ನೇರ ದಾರಿಯೇ ತಪ್ಪಿತು. ಇಂಥ ಜಿಲ್ಲೆಯಲ್ಲಿ ಕಡತ ತಂತಿಯ ಮೇಲೆ ಓಡುವುದಕ್ಕೆ ಬಯಲುಸೀಮೆಗಿಂತ ಹೆಚ್ಚಿನ ಬೆಲೆಯಿದೆ.

ಕಾಗದದ ಕಚೇರಿ

ಕನ್ನಡ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಇಲ್ಲಿನ ಕಚೇರಿಗಳ ನಡವಳಿಕೆಯಲ್ಲಿ ಮುಂಬಯಿ ಪದ್ಧತಿಯ ಗುರುತು ಉಳಿದಿದೆ. ಬಂದ ಕಾಗದವನ್ನು ಆವಕ ವಹಿಯಲ್ಲಿ, ಹೋದದ್ದನ್ನು ಜಾವಕ ವಹಿಯಲ್ಲಿ ನಮೂದಿಸುತ್ತಿದ್ದರು. ಊರಿನ ಲೆಕ್ಕ ವಂಶಪಾರಂಪರ್ಯದ ಶಾನುಭೋಗರ ಮನೆಯಲ್ಲಿರುತ್ತಿತ್ತು. ಗ್ರಾಮಾಧಿಕಾರ ರದ್ದಿಯಾತಿಗೆ 1961ರಲ್ಲಿ ಕಾಯ್ದೆಯಾದ ಮೇಲೆ ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಇವರನ್ನೇ ಈಗ ಗ್ರಾಮ ಆಡಳಿತಾಧಿಕಾರಿ ಎಂದು ಕರೆಯುತ್ತಾರೆ.

ಕಡತದಲ್ಲಿ ಎರಡು ಭಾಗ. ಒಂದು ಪತ್ರವ್ಯವಹಾರ, ಇನ್ನೊಂದು ಟಿಪ್ಪಣಿ ಹಾಳೆ. ವಿಷಯ ನಿರ್ವಾಹಕ ಕಂಡಿಕೆಗೆ ಸಂಖ್ಯೆ ಹಾಕಿ ಸಂಗತಿ ಬರೆದು ಮಂಡಿಸುತ್ತಾನೆ. ಶಿರಸ್ತೇದಾರರು ಷರಾ ಬರೆಯುತ್ತಾರೆ. ತಹಸೀಲ್ದಾರರು ರುಜು ಹಾಕುತ್ತಾರೆ. ಮುಗಿದ ಕಡತ ಕೆಂಪು ಬಟ್ಟೆಯ ರುಮಾಲಿನಲ್ಲಿ ಕಟ್ಟಾಗಿ ಅಭಿಲೇಖಾಲಯಕ್ಕೆ ಹೋಗುತ್ತದೆ. ಶಾಶ್ವತವಾಗಿ ಇಡಬೇಕಾದದ್ದು, ಕೆಲವು ವರ್ಷ ಇಟ್ಟು ನಾಶ ಮಾಡಬಹುದಾದದ್ದು ಎಂದು ಅದಕ್ಕೆ ವರ್ಗೀಕರಣವಿದೆ. ಕರಾವಳಿಯಲ್ಲಿ ಈ ಕಟ್ಟುಗಳ ಶತ್ರು ಮಳೆಗಾಲ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಮೆತ್ತಗಾಗುತ್ತದೆ, ಶಾಯಿ ಹಬ್ಬುತ್ತದೆ, ಬೂಷ್ಟು ಮತ್ತು ಗೆದ್ದಲು ಸೇರುತ್ತವೆ. ಹಳೆಯ ಹಕ್ಕುದಾಖಲೆಯ ನಕಲು ಕೇಳಿದವರಿಗೆ ಸಿಗುತ್ತಿದ್ದ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹಕ್ಕೆ ಹವೆಯೂ ಒಂದು ಕಾರಣ, ಉದಾಸೀನ ಇನ್ನೊಂದು.

ಪಹಣಿ ಗಣಕಕ್ಕೆ ಬಂದದ್ದು

ರಾಜ್ಯದ ಮೊದಲ ದೊಡ್ಡ ಹೆಜ್ಜೆ ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು 2002ರ ಹೊತ್ತಿಗೆ ಗಣಕಕ್ಕೆ ಇಳಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು; ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು. ತಂತ್ರಾಂಶದೊಳಗೆ ಹೋಗಲು ನೌಕರ ಬೆರಳಚ್ಚು ಒತ್ತಬೇಕು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ತಿದ್ದಿದವರು ಯಾರು, ಎಂದು ತಿದ್ದಿದರು ಎಂಬುದು ದಾಖಲಾಗುತ್ತದೆ. ಈ ಮೂರು ಕಟ್ಟುಪಾಡುಗಳು ಅಂದಿನ ಕಚೇರಿಗೆ ಹೊಸತು.

ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನದ ‘ಮೋಜಿಣಿ’ ತಂತ್ರಾಂಶಗಳು ಇದಕ್ಕೆ ಕೂಡಿಕೊಂಡವು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರವಾದರೆ ಅದರ ಮಾಹಿತಿ ತಾನಾಗಿ ಭೂಮಿ ಶಾಖೆಗೆ ಹರಿಯುತ್ತದೆ; ಜಮೀನಿನ ತುಂಡು ಮಾರುವವರು ಮೊದಲೇ 11-ಇ ನಕ್ಷೆ ಮಾಡಿಸಿಕೊಳ್ಳಬೇಕು. ಆದರೆ ಗಣಕ ಕೊಟ್ಟದ್ದು ಹಳೆಯ ವಹಿಯ ಶುದ್ಧ ಪ್ರತಿಯನ್ನೇ ಹೊರತು ಶುದ್ಧ ದಾಖಲೆಯನ್ನಲ್ಲ. ಹೊನ್ನಾವರ, ಕುಮಟಾ ಕಡೆ ಸರ್ವೆ ನಂಬರುಗಳು ತೋಟ, ಗದ್ದೆ, ಬೇಣಗಳಾಗಿ ಸಣ್ಣಸಣ್ಣ ಚೂರಾಗಿವೆ. 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರಿಗೆ ಬಂದ ಜಮೀನು ಎರಡು ಮೂರು ತಲೆಮಾರಿನಲ್ಲಿ ಪಾಲಾಗಿದೆ. ಪಹಣಿಯ 9ನೇ ಕಲಂನಲ್ಲಿ ಸತ್ತುಹೋದ ಅಜ್ಜನ ಹೆಸರೋ, ಹತ್ತಾರು ಜಂಟಿ ಖಾತೆದಾರರ ಪಟ್ಟಿಯೋ ಇರುವುದು ಸಾಮಾನ್ಯ. ವಾರಸಾ ಖಾತೆಯಾಗದೆ, ಪಾಲನ್ನು ಅಳೆದು ಬೇರ್ಪಡಿಸುವ ಪೋಡಿಯಾಗದೆ ಉಳಿದ ಇಂಥ ಜಮೀನಿಗೆ ಪಹಣಿ ಒಂದು ನಿಮಿಷದಲ್ಲಿ ಸಿಕ್ಕರೂ ಸಾಲ, ಪರಿಹಾರ, ಮಾರಾಟ ಯಾವುದಕ್ಕೂ ಅದು ನೇರವಾಗಿ ಒದಗುವುದಿಲ್ಲ. ಹೆದ್ದಾರಿ ಅಗಲೀಕರಣಕ್ಕೆ ಜಮೀನು ಬಿಟ್ಟುಕೊಟ್ಟ ಕುಟುಂಬಗಳಿಗೂ ಇದೇ ತೊಡಕು.

ಪ್ರಮಾಣಪತ್ರ ಮತ್ತು ಗಡುವು

2006ರಲ್ಲಿ ರಾಜ್ಯದ ಸುಮಾರು 800 ಹೋಬಳಿ ಕೇಂದ್ರಗಳಲ್ಲಿ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ತೆರೆದವು. ಅವು ನಿಂತ ಮೇಲೆ ಸರ್ಕಾರವೇ 2012ರಿಂದ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ನಡೆಸತೊಡಗಿತು. ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ, ವಿಧವಾ ವೇತನ, ವೃದ್ಧಾಪ್ಯ ವೇತನದ ಅರ್ಜಿಗಳು ಇಲ್ಲಿ ದಾಖಲಾಗಿ, ಗ್ರಾಮ ಆಡಳಿತಾಧಿಕಾರಿ ಮತ್ತು ರಾಜಸ್ವ ನಿರೀಕ್ಷಕರ ವರದಿಯೊಂದಿಗೆ ತಹಸೀಲ್ದಾರರ ಡಿಜಿಟಲ್ ಸಹಿಗೆ ಹೋಗುತ್ತವೆ.

ಗಡುವಿನ ಕಟ್ಟುಪಾಡು ತಂದದ್ದು ‘ಸಕಾಲ’. ಅದರ ಹಿಂದಿರುವ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ 2011ರದ್ದು. 11 ಇಲಾಖೆಗಳ 151 ಸೇವೆಗಳೊಂದಿಗೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಈ ಮೊತ್ತಕ್ಕಿಂತ ಅರ್ಜಿದಾರನಿಗೆ ಹೆಚ್ಚು ನೆರವಾದದ್ದು ಆ ಸಂಖ್ಯೆಯೇ, ‘ನಿಮ್ಮ ಅರ್ಜಿ ಬಂದೇ ಇಲ್ಲ’ ಎಂದು ಹೇಳಲು ಅದು ಎಡೆ ಕೊಡದ ಕಾರಣ. ಇದಕ್ಕೊಂದು ಅಡ್ಡಪರಿಣಾಮವೂ ಇದೆ. ಗಡುವು ಹತ್ತಿರ ಬಂದಾಗ ಸಣ್ಣ ಕೊರತೆ ತೋರಿಸಿ ಅರ್ಜಿಯನ್ನು ತಿರಸ್ಕರಿಸಿದರೆ ಅಂಕಿಅಂಶದಲ್ಲಿ ಅದೂ ಸಕಾಲದ ವಿಲೇವಾರಿಯೇ. 2018ರ ‘ಸೇವಾಸಿಂಧು’ ಮತ್ತು 2022ರ ಜನವರಿ 26ರಂದು ಆರಂಭವಾದ ‘ಗ್ರಾಮ ಒನ್’ ಕೇಂದ್ರಗಳು ಅರ್ಜಿಯ ಕಿಟಕಿಯನ್ನು ಊರಿಗೆ ಇನ್ನಷ್ಟು ಹತ್ತಿರ ತಂದವು.

ಗ್ರಾಮ ಪಂಚಾಯತಿಯ ತಂತ್ರಾಂಶಗಳು

1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತಿಯ ಜನಸಂಖ್ಯೆ ಸಾಮಾನ್ಯವಾಗಿ 5000ದಿಂದ 7000. ಉತ್ತರ ಕನ್ನಡದಂಥ ಗುಡ್ಡಗಾಡಿನ ಜಿಲ್ಲೆಗಳಿಗೆ ಇನ್ನೂ ಚಿಕ್ಕ ಪಂಚಾಯತಿಗೆ ಅವಕಾಶವಿದೆ. ಚಿಕ್ಕ ಪಂಚಾಯತಿಯೆಂದರೆ ಚಿಕ್ಕ ಸಿಬ್ಬಂದಿ: ಒಬ್ಬ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕ, ಒಬ್ಬ ಕರವಸೂಲಿಗಾರ, ಒಬ್ಬ ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿಗಳು. ದೊಡ್ಡ ಪಂಚಾಯತಿಯಲ್ಲಿರುವ ಎಲ್ಲ ತಂತ್ರಾಂಶಗಳನ್ನೂ ಇವರೇ ನಿಭಾಯಿಸಬೇಕು.

‘ಪಂಚತಂತ್ರ’ದಲ್ಲಿ ಮನೆ ತೆರಿಗೆ, ನೀರಿನ ಕರ, ಜೋಡಿ ನಮೂದಿನ ಲೆಕ್ಕ, ಸಭೆಯ ನಡಾವಳಿ ದಾಖಲಾಗುತ್ತವೆ. ಕಾಮಗಾರಿಯ ಬಿಲ್ಲಿಗೆ ‘ಗಾಂಧಿ ಸಾಕ್ಷಿ ಕಾಯಕ’ ಬಂತು. 2016ರಲ್ಲಿ ‘ಬಾಪೂಜಿ ಸೇವಾ ಕೇಂದ್ರ’ದ ಹೆಸರಿನಲ್ಲಿ ಪಹಣಿ, ಆದಾಯ ಪ್ರಮಾಣಪತ್ರದಂಥ ಕಂದಾಯ ಸೇವೆಗಳೂ ಸೇರಿ 100 ಸೇವೆಗಳನ್ನು ಪಂಚಾಯತಿಯಲ್ಲೇ ಕೊಡುವ ಏರ್ಪಾಡಾಯಿತು. ಕೇಂದ್ರದ ‘ಇ-ಗ್ರಾಮ್ ಸ್ವರಾಜ್’ 2020ರ ಏಪ್ರಿಲ್ 24ರಂದು ಬಂದ ಮೇಲೆ ಹಣಕಾಸು ಆಯೋಗದ ಅನುದಾನದ ಯೋಜನೆಯೂ ಪಾವತಿಯೂ ಅದರ ಮೂಲಕ ಸಾಗುತ್ತವೆ. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿಯಿಂದ ಕೂಲಿಕಾರರ ಹಾಜರಿಯನ್ನು ಕೆಲಸದ ಜಾಗದಲ್ಲೇ ಮೊಬೈಲಿನಲ್ಲಿ ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಗುಡ್ಡದ ಹಿಂದಿನ ಮಜಿರೆಯಲ್ಲಿ ಸಿಗ್ನಲ್ ಸಿಗದಿದ್ದರೆ ಹಾಜರಿ ಹಾಕುವವರು ಪರದಾಡಬೇಕು.

ಚದುರಿದ ಮನೆಗಳು, ಬಯಲುಸೀಮೆಯ ನಮೂನೆ

2013ರ ‘ಇ-ಸ್ವತ್ತು’ ಪಂಚಾಯತಿಯ ತಂತ್ರಾಂಶಗಳಲ್ಲೆಲ್ಲ ಜನರ ಬಾಯಲ್ಲಿ ಹೆಚ್ಚು ಆಡುವ ಹೆಸರು. ಪರಿವರ್ತನೆಯಾಗದ ಹೊಲದಲ್ಲಿ ನಿವೇಶನ ಹಾಕಿ, ಸುಳ್ಳು ಖಾತೆ ಸೃಷ್ಟಿಸಿ ಮಾರುವುದನ್ನು ತಡೆಯುವುದು ಇದರ ಉದ್ದೇಶ. ಕಾನೂನುಬದ್ಧ ಆಸ್ತಿಗೆ ನಮೂನೆ 9, ಜೊತೆಗೆ ತೆರಿಗೆ ವಹಿಯ ನಕಲಾಗಿ ನಮೂನೆ 11, ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯೊಂದಿಗೆ ಬರುತ್ತವೆ. ಇವಿಲ್ಲದೆ ಮನೆ ನಿವೇಶನದ ನೋಂದಣಿಯಾಗುವುದಿಲ್ಲ. ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ‘ನೈನ್-ಇಲೆವೆನ್ ಆಯ್ತಾ?’ ಎಂದು ಕೇಳುವುದು ಕರಾವಳಿಯಲ್ಲಿ ಮಾಮೂಲಿ ಮಾತಾಗಿದೆ.

ತೊಡಕಿರುವುದು ಊರಿನ ರಚನೆಯಲ್ಲಿ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳೆಲ್ಲ ಗ್ರಾಮಠಾಣಾದೊಳಗೆ ಒತ್ತಾಗಿರುತ್ತವೆ. ಹೊಲಗಳು ಅದರ ಸುತ್ತ. ಹೊನ್ನಾವರ, ಭಟ್ಕಳ, ಕುಮಟಾ ಕರಾವಳಿಯಲ್ಲಿ ಮನೆ ತೋಟದೊಳಗಿದೆ. ಗದ್ದೆಯ ಅಂಚಿನಲ್ಲಿ, ತೆಂಗಿನ ಹಿತ್ತಿಲಲ್ಲಿ, ಬೆಟ್ಟದ ಬುಡದಲ್ಲಿ ಚದುರಿಕೊಂಡಿದೆ. ಕೇರಿಯಿಂದ ಕೇರಿಗೆ ನಡುವೆ ಹೊಳೆಯೋ ಗದ್ದೆಬಯಲೋ ಇರುತ್ತದೆ. ಬಹುಪಾಲು ಮನೆಗಳು ನಿಂತಿರುವುದು ಇಂದಿಗೂ ಪಹಣಿ ಜಮೀನಿನಲ್ಲಿ. ನೂರು ವರ್ಷದ ಹೆಂಚಿನ ಮನೆಯಾದರೂ, ಪಂಚಾಯತಿಗೆ ತಪ್ಪದೆ ತೆರಿಗೆ ಕಟ್ಟಿದ್ದರೂ, ತಂತ್ರಾಂಶದ ಕಣ್ಣಿಗೆ ಅದು ಕೃಷಿ ಜಮೀನಿನ ಮೇಲಿನ ಅನಧಿಕೃತ ಕಟ್ಟಡ. ನಮೂನೆ 9 ಬೇಕಾದರೆ ಮೊದಲು ಪೋಡಿ, ಆಮೇಲೆ ಪರಿವರ್ತನೆ, ಆಮೇಲೆ ವಿನ್ಯಾಸ ಅನುಮೋದನೆ. ಸಮುದ್ರಕ್ಕೆ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ಪರಿಶೀಲನೆ ಬೇರೆ. ಜಿಲ್ಲೆಯ ಹೆಚ್ಚಿನ ನೆಲ ಅರಣ್ಯವಾದ್ದರಿಂದ ಅತಿಕ್ರಮಣದ ಜಾಗದಲ್ಲಿ ಮನೆ ಕಟ್ಟಿಕೊಂಡವರದು ಮತ್ತೊಂದು ಸಾಲು. ಅವರು 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯ ಫಲಕ್ಕೆ ಕಾಯುತ್ತಾರೆ. ಕಂದಾಯ ಜಮೀನಿನಲ್ಲಿರುವವರಿಗೆ ಮನೆ ಸಕ್ರಮಕ್ಕೆ ಭೂಕಂದಾಯ ಅಧಿನಿಯಮದ 94-ಸಿ ಕಲಂ ಇದೆ.

2020ರಲ್ಲಿ ಆರಂಭವಾದ ಕೇಂದ್ರದ ‘ಸ್ವಾಮಿತ್ವ’ ಯೋಜನೆಯ ಡ್ರೋನ್ ಅಳತೆಯೂ ಜನವಸತಿಯ ಠಾಣಾ ಜಾಗವನ್ನೇ ಲಕ್ಷ್ಯದಲ್ಲಿಟ್ಟುಕೊಂಡದ್ದು. 2025ರಲ್ಲಿ ಪಂಚಾಯತ್ ರಾಜ್ ಕಾನೂನಿಗೆ ತಿದ್ದುಪಡಿಯಾಗಿ, ನಿಯಮಬದ್ಧವಲ್ಲದ ಆಸ್ತಿಗಳನ್ನೂ ನಮೂನೆ 11-ಬಿ ಅಡಿ ಇ-ಖಾತೆಗೆ ತರುವ ದಾರಿ ತೆರೆಯಿತು. ಇದರಿಂದ ಆಸ್ತಿ ತೆರಿಗೆಯ ಜಾಲಕ್ಕೆ ಬರುತ್ತದೆ, ಆದರೆ ಅನಧಿಕೃತ ನಿರ್ಮಾಣ ಸಕ್ರಮವಾದಂತಲ್ಲ. ನಮೂನೆಯನ್ನು ನೆಲಕ್ಕೆ ಹೊಂದಿಸಲು ಇ-ಸ್ವತ್ತು ಬಂದ ಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಪಟ್ಟಣಗಳಲ್ಲಿ

ನಗರ ಸ್ಥಳೀಯ ಸಂಸ್ಥೆಗಳ ಗಣಕೀಕರಣ 2000ದ ದಶಕದ ‘ನಿರ್ಮಲ ನಗರ’ ಕಾರ್ಯಕ್ರಮದೊಂದಿಗೆ ಶುರುವಾಯಿತು. ರಾಜ್ಯದ 57 ಊರುಗಳಲ್ಲಿ ಆಸ್ತಿ ತೆರಿಗೆ, ಲೆಕ್ಕಪತ್ರ, ದೂರು ನಿರ್ವಹಣೆಯನ್ನು ಅದು ಕೈಗೆತ್ತಿಕೊಂಡಿತು. 2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ ಸ್ಥಾಪಿಸಿದ ಇ-ಗವರ್ನಮೆಂಟ್ಸ್ ಫೌಂಡೇಶನ್ ಇದರಲ್ಲಿ ಕೈಜೋಡಿಸಿತ್ತು. ಈಗ ಪಟ್ಟಣದ ಖಾತೆ ‘ಇ-ಆಸ್ತಿ’ಯಲ್ಲಿ ನಮೂನೆ 3ರ ರೂಪದಲ್ಲಿ ಸಿಗುತ್ತದೆ. ಭಟ್ಕಳಕ್ಕೆ ತಾಗಿರುವ ಜಾಲಿಯಂತೆ ಗ್ರಾಮ ಪಂಚಾಯತಿಯಿಂದ ಪಟ್ಟಣ ಪಂಚಾಯತಿಯಾಗುವ ಊರುಗಳಲ್ಲಿ ಆಸ್ತಿಗಳು ಒಂದು ಇಲಾಖೆಯ ತಂತ್ರಾಂಶದಿಂದ ಇನ್ನೊಂದರ ತಂತ್ರಾಂಶಕ್ಕೆ ದಾಟಬೇಕಾಗುತ್ತದೆ. ಅದೇ ಮನೆಗೆ ಹೊಸ ಸಂಖ್ಯೆ, ಹೊಸ ನಮೂನೆ, ಹೊಸ ದಾಖಲೆ ಪರಿಶೀಲನೆ.

ಇ-ಆಫೀಸ್

ಕೇಂದ್ರದಲ್ಲಿ ರೂಪುಗೊಂಡ ‘ಇ-ಆಫೀಸ್’ ತಂತ್ರಾಂಶ ಕಡತದ ನಡೆಯನ್ನೇ ಗಣಕಕ್ಕೆ ತರುತ್ತದೆ. ಕರ್ನಾಟಕದಲ್ಲಿ ಅದು ಮೊದಲು ಸಚಿವಾಲಯದಲ್ಲಿ ನೆಲೆಯೂರಿ, ಇತ್ತೀಚಿನ ವರ್ಷಗಳಲ್ಲಿ ಕಂದಾಯ ಇಲಾಖೆಯ ಒತ್ತಾಯದಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಸೀಲ್ದಾರ್ ಕಚೇರಿಗಳವರೆಗೆ ಇಳಿದಿದೆ.

ಕೆಲಸದ ಬಗೆ ಹೀಗೆ: ಟಪ್ಪಾಲು ಶಾಖೆಯಲ್ಲಿ ಅರ್ಜಿಯನ್ನು ಸ್ಕ್ಯಾನ್ ಮಾಡಿ ಸಂಖ್ಯೆ ಕೊಡುತ್ತಾರೆ. ಅಧಿಕಾರಿ ಅದನ್ನು ಸಂಬಂಧಪಟ್ಟ ವಿಷಯ ನಿರ್ವಾಹಕರಿಗೆ ಗುರುತು ಮಾಡುತ್ತಾರೆ. ನಿರ್ವಾಹಕ ಕಡತ ತೆರೆದು ಟಿಪ್ಪಣಿ ಬರೆಯುತ್ತಾನೆ. ಬರೆಯುತ್ತಿರುವ ಕರಡು ಹಳದಿ ಹಾಳೆಯಲ್ಲಿದ್ದು ತಿದ್ದಬಹುದು. ಮೇಲಕ್ಕೆ ಕಳಿಸಿದ ಕ್ಷಣ ಅದು ಹಸಿರು ಹಾಳೆಗೆ ಸೇರಿ ಖಾಯಂ ಆಗುತ್ತದೆ, ಮತ್ತೆ ಅಳಿಸಲು ಬರುವುದಿಲ್ಲ. ಮೇಲಿನವರ ಒಪ್ಪಿಗೆ ಡಿಜಿಟಲ್ ಸಹಿಯಿಂದ. ಕಡತ ಯಾರ ಬಳಿ ಎಷ್ಟು ದಿನದಿಂದ ಇದೆ ಎಂಬುದು ಗಂಟೆ-ನಿಮಿಷ ಸಹಿತ ಕಾಣುತ್ತದೆ. ಕಾಗದದ ಕಾಲದಲ್ಲಿ ಹಿಂದಿನ ತಾರೀಖು ಹಾಕಿ ಟಿಪ್ಪಣಿ ಸೇರಿಸುವುದು, ನಡುವಿನ ಹಾಳೆ ಕಿತ್ತು ಬೇರೆ ಹಾಳೆ ಇಡುವುದು ಸಾಧ್ಯವಿತ್ತು. ಇಲ್ಲಿ ಆ ದಾರಿ ಮುಚ್ಚಿತು. ಭಟ್ಕಳದ ಉಪವಿಭಾಗದಿಂದ ಕಾರವಾರಕ್ಕೆ ವರದಿ ಹೋಗಲು ಟಪ್ಪಾಲಿನ ದಿನಗಳೂ ಬೇಕಿಲ್ಲ.

ಪಹಣಿ, ಪ್ರಮಾಣಪತ್ರಗಳ ಗಣಕೀಕರಣದಿಂದ ಇದು ಬೇರೆಯಾಗುವುದು ಇಲ್ಲಿಯೇ. ಅವು ಕಿಟಕಿಯ ಹೊರಗಿನವರಿಗೆ ವೇಗ ತಂದವು. ಇ-ಆಫೀಸ್ ಕಿಟಕಿಯ ಒಳಗಿನವರ ಹೊಣೆಯನ್ನು ಗುರುತಿಸುತ್ತದೆ. ಆದರೂ ಅದರ ಬೆಳಕು ಸಾಮಾನ್ಯವಾಗಿ ಅಧಿಕಾರಿಗಳಿಗೆ ಮಾತ್ರ. ಕರ್ಕಿಯ ಅರ್ಜಿದಾರನಿಗೆ ತನ್ನ ಸಕಾಲ ಸಂಖ್ಯೆಯ ಸ್ಥಿತಿ ಕಾಣುತ್ತದೆಯೇ ಹೊರತು ಕಡತದ ಒಳಗಿನ ಟಿಪ್ಪಣಿ ಕಾಣುವುದಿಲ್ಲ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಬೇಕು. ಸ್ಕ್ಯಾನ್ ಮಾಡಿದ ಪ್ರತಿಯ ಜೊತೆಗೆ ಕಾಗದದ ಕಡತವನ್ನೂ ನಡೆಸುವ ರೂಢಿ ಉಳಿದ ಕಡೆ ಕೆಲಸ ಇಮ್ಮಡಿಯಾಗುತ್ತದೆ. 2024ರಲ್ಲಿ ಆರಂಭವಾದ ‘ಭೂಸುರಕ್ಷಾ’ ಯೋಜನೆಯಡಿ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ರುಮಾಲುಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ.

ಕನ್ನಡ ಮತ್ತು ತಂತ್ರಾಂಶ

ಕನ್ನಡದಲ್ಲಿ ನಡೆಯುವ ಕಚೇರಿಗೆ ಗಣಕದಲ್ಲಿ ಕನ್ನಡ ಮೂಡುವುದೇ ಮೊದಲ ಷರತ್ತಾಗಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಮತ್ತು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಸರ್ಕಾರಿ ಕಚೇರಿಗಳಲ್ಲಿ ನೆಲೆಯಾದವು. 2012ರಿಂದ ಸರ್ಕಾರ ಯೂನಿಕೋಡ್ ಶಿಷ್ಟತೆಯನ್ನು ಒಪ್ಪಿದರೂ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪಾದ ನಡಾವಳಿ, ಆದೇಶಗಳು ಕಚೇರಿಗಳಲ್ಲಿ ರಾಶಿಯಾಗಿ ಉಳಿದಿವೆ. ಅವನ್ನು ಪರಿವರ್ತಿಸದೆ ಹುಡುಕಲು ಬರುವುದಿಲ್ಲ.

ಇನ್ನೊಂದು ತೊಡಕು ಹೆಸರಿನ ತಾಳೆ. ಪಹಣಿಯಲ್ಲಿ ಕನ್ನಡದಲ್ಲಿ ‘ತಂದೆ’, ‘ಕೋಂ’ ಸೇರಿಸಿ ಬರೆದ ಹೆಸರಿದೆ. ಆಧಾರಿನಲ್ಲಿ ಇಂಗ್ಲಿಷ್ ಕಾಗುಣಿತದ ಹೆಸರಿದೆ. ನಾಯ್ಕ-ನಾಯಕ, ಹೆಗಡೆ-ಹೆಗ್ಡೆ, ಭಟ್ಟ-ಭಟ್ ಎಂಬ ಸಣ್ಣ ವ್ಯತ್ಯಾಸಕ್ಕೂ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಿಲ್ಲುತ್ತದೆ. ಊರಿನವರನ್ನು ಮುಖ ನೋಡಿ ಗುರುತಿಸಬಲ್ಲ ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ ಆಗ ಮತ್ತೆ ಬೇಕಾಗುತ್ತದೆ.

ಕಾನೂನಿನ ಆಧಾರ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4, 5, 6ನೇ ಕಲಂಗಳು ಎಲೆಕ್ಟ್ರಾನಿಕ್ ದಾಖಲೆಗೆ, ಡಿಜಿಟಲ್ ಸಹಿಗೆ, ಸರ್ಕಾರಿ ಕೆಲಸದಲ್ಲಿ ಅವುಗಳ ಬಳಕೆಗೆ ಮಾನ್ಯತೆ ಕೊಟ್ಟಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ದಾಖಲೆಗಳನ್ನು ಸೂಚಿಯೊಂದಿಗೆ ಇಡಬೇಕು, ಆದಷ್ಟು ಗಣಕೀಕರಿಸಬೇಕು ಎನ್ನುತ್ತದೆ. ಜನನ-ಮರಣ ನೋಂದಣಿಯ 1969ರ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದು ಡಿಜಿಟಲ್ ಪ್ರಮಾಣಪತ್ರಕ್ಕೆ ನೆಲೆ ಒದಗಿಸಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ಥಳೀಯ ಕಚೇರಿಗಳಿಗೂ ಹೊಸ ಹೊಣೆ ಹೊರಿಸುತ್ತದೆ: ಫಲಾನುಭವಿಗಳ ಪಟ್ಟಿಯನ್ನು ಪ್ರಕಟಿಸುವುದು ಪಾರದರ್ಶಕತೆ, ಆ ಪಟ್ಟಿಯೊಂದಿಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಯನ್ನೂ ಗೋಡೆಗೆ ಅಂಟಿಸುವುದು ಲೋಪ.

ಸಿಬ್ಬಂದಿ ಮತ್ತು ಸಲಕರಣೆ

ಭೂಮಿ ದತ್ತಾಂಶ ಮೊದಲು ಆಯಾ ತಾಲ್ಲೂಕಿನ ಸರ್ವರಿನಲ್ಲೇ ಇತ್ತು. ಆಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಭದ್ರತೆಗೂ ಮೇಲ್ವಿಚಾರಣೆಗೂ ಇದು ಒಳ್ಳೆಯದೇ. ಆದರೆ ಅಲ್ಲಿ ತೊಂದರೆಯಾದರೆ ಇಡೀ ರಾಜ್ಯದ ಕಿಟಕಿಗಳಲ್ಲಿ ‘ಸರ್ವರ್ ಡೌನ್’ ಎಂಬ ಉತ್ತರವೇ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗುವುದು, ರಸ್ತೆ ಅಗೆತದಲ್ಲಿ ಕೇಬಲ್ ತುಂಡಾಗುವುದು ಕರಾವಳಿಯ ಹೆಚ್ಚುವರಿ ಕಷ್ಟಗಳು. ಉಪ್ಪುಗಾಳಿ ಯಂತ್ರಗಳ ಆಯುಸ್ಸನ್ನೂ ಕಡಿಮೆ ಮಾಡುತ್ತದೆ.

ಬೆಳೆ ಸಮೀಕ್ಷೆ, ಮನೆ ಹಾನಿ, ಆಧಾರ್ ಜೋಡಣೆ, ಪಿಂಚಣಿ ಪರಿಶೀಲನೆ, ಸರ್ಕಾರಿ ಜಮೀನಿನ ಗುರುತು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್ ಬಂದಾಗ ಅವೆಲ್ಲ ಸೇರುವುದು ಗ್ರಾಮ ಆಡಳಿತಾಧಿಕಾರಿಯ ಒಂದೇ ಮೊಬೈಲಿಗೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಕಚೇರಿ, ಪೀಠೋಪಕರಣ, ಗಣಕ, ಇಂಟರ್‌ನೆಟ್ ಒದಗಿಸಬೇಕು, ಆ್ಯಪ್‌ಗಳ ಹೊರೆ ಇಳಿಸಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾಗಿತ್ತು. ಡಿಜಿಟಲ್ ಕಚೇರಿಯ ಖರ್ಚಿನ ಒಂದು ಭಾಗವನ್ನು ಕೆಳಹಂತದ ನೌಕರರು ತಮ್ಮ ಕೈಯಿಂದ ಭರಿಸುತ್ತಿದ್ದಾರೆ ಎಂಬ ಸಂಗತಿ ಆಗ ಬಯಲಿಗೆ ಬಂತು. ಡಿಜಿಟಲ್ ಸಹಿಯ ಕೀಲಿಯನ್ನು ಅಧಿಕಾರಿ ಆಪರೇಟರನ ಕೈಗೆ ಬಿಟ್ಟುಕೊಡುವಂಥ ಅಡ್ಡದಾರಿಗಳಿಗೂ ಇಂಥ ಒತ್ತಡವೇ ಎಡೆಮಾಡುತ್ತದೆ.

ಬೇರೆಡೆಯ ಅನುಭವ

ಕೇರಳ 1999ರಲ್ಲೇ ಇನ್ಫರ್ಮೇಶನ್ ಕೇರಳ ಮಿಷನ್ ಕಟ್ಟಿ, ಜನನ-ಮರಣ ನೋಂದಣಿ, ಯೋಜನೆ, ತೆರಿಗೆಗೆ ಪಂಚಾಯತಿಗಳಿಗೆಂದೇ ತಂತ್ರಾಂಶ ಮಾಡಿಸಿತು. 2024ರ ಜನವರಿ 1ರಂದು ನಗರ ಸಂಸ್ಥೆಗಳಲ್ಲಿ ‘ಕೆ-ಸ್ಮಾರ್ಟ್’ ಎಂಬ ಒಂದೇ ವೇದಿಕೆ ತಂದು ಅನಂತರ ಗ್ರಾಮ ಪಂಚಾಯತಿಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ ಇಲಾಖೆಗೊಂದು ತಂತ್ರಾಂಶ ಹುಟ್ಟಿ ಆಮೇಲೆ ಜೋಡಣೆಯಾದರೆ, ಅಲ್ಲಿ ಪಂಚಾಯತಿಯನ್ನೇ ಘಟಕವಾಗಿಟ್ಟುಕೊಂಡು ಕೆಲಸ ಆರಂಭಿಸಿದರು. ಕಾಸರಗೋಡಿನ ಕನ್ನಡಿಗರ ಪ್ರಶ್ನೆ ಬೇರೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ವ್ಯವಹರಿಸುವ ಅವಕಾಶ ಕೊಟ್ಟಿದೆ. ಕಾಗದದ ಅರ್ಜಿಯಲ್ಲಿ ಈ ಹಕ್ಕನ್ನು ಚಲಾಯಿಸುವುದು ಸುಲಭ. ತೆರೆಯ ಮೇಲಿನ ನಮೂನೆಯಲ್ಲಿ ಭಾಷೆಯ ಆಯ್ಕೆಯೇ ಇರದಿದ್ದರೆ ಹಕ್ಕು ಪುಸ್ತಕದಲ್ಲಿ ಉಳಿಯುತ್ತದೆ. ಎಸ್ಟೋನಿಯಾ 2001ರಿಂದ ‘ಎಕ್ಸ್-ರೋಡ್’ ಮೂಲಕ ಇಲಾಖೆಗಳ ದತ್ತಾಂಶವನ್ನು ಒಂದೆಡೆ ರಾಶಿ ಹಾಕದೆ, ಬೇಕಾದಾಗ ಪರಸ್ಪರ ಕೇಳಿ ಪಡೆಯುವ ಕ್ರಮ ರೂಪಿಸಿತು. ತನ್ನ ಮಾಹಿತಿಯನ್ನು ಯಾರು ನೋಡಿದರೆಂದು ಪ್ರಜೆ ಅಲ್ಲಿ ತಿಳಿಯಬಹುದು.

ಮೌಲ್ಯಮಾಪನ

ಕಾಲು ಶತಮಾನದ ಈ ಬದಲಾವಣೆಯಿಂದ ಅರ್ಜಿಗೆ ಗುರುತು ಸಿಕ್ಕಿದೆ, ತಿದ್ದುಪಡಿಗೆ ಜಾಡು ಉಳಿದಿದೆ, ಕಚೇರಿಗೆ ಅಲೆಯುವ ದೂರ ಕಡಿಮೆಯಾಗಿದೆ. ಮಧ್ಯವರ್ತಿ ಪೂರ್ತಿ ಮರೆಯಾಗಿಲ್ಲ. ಕಚೇರಿಯ ಜಗಲಿಯಿಂದ ಎದ್ದು ಸೈಬರ್ ಅಂಗಡಿಯಲ್ಲಿ ಕುಳಿತಿದ್ದಾನೆ, ಆದರೆ ಈಗ ಅವನು ಮಾರುವುದು ಪ್ರಭಾವಕ್ಕಿಂತ ಹೆಚ್ಚಾಗಿ ಟೈಪಿಂಗನ್ನು. ಬಾಕಿ ಉಳಿದಿರುವ ಕೆಲಸ ಗಣಕದ ಹೊರಗಿನದು: ವಾರಸಾ ಖಾತೆ, ಪೋಡಿ, ಸರ್ವೆ, ಚದುರಿದ ವಸತಿಗೆ ಒಗ್ಗುವ ನಿಯಮ. ಇವಕ್ಕೆ ಬೇಕಾದದ್ದು ಭೂಮಾಪಕರು, ಸ್ಥಳ ತನಿಖೆ ಮಾಡುವ ನೌಕರರು ಮತ್ತು ಕರಾವಳಿಯ ನೆಲವನ್ನು ಕಣ್ಣಾರೆ ಕಂಡು ನಮೂನೆ ರೂಪಿಸುವವರು. ಇ-ಆಫೀಸ್ ತೀರ್ಮಾನ ಯಾರ ಮೇಜಿನಲ್ಲಿ ನಿಂತಿದೆ ಎಂದು ತೋರಿಸಬಲ್ಲದು; ತೀರ್ಮಾನ ಮಾಡಲು ಬೇಕಾದ ಅಳತೆ ಮತ್ತು ಸಿಬ್ಬಂದಿಯನ್ನು ಸರ್ಕಾರವೇ ಒದಗಿಸಬೇಕು.